ಓದಬೇಡಿ ಎಂದಿದ್ದ ಒಂದು ಸಾಲು

ಭಾರತದ ಗಡಿಯಲ್ಲಿ ಯುದ್ಧ ಶುರುವಾದ ನಾಲ್ಕನೆಯ ದಿನ, ಒಂದು ಶನಿವಾರ, ನಮ್ಮ ಕನ್ನಡ ರೇಡಿಯೋ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಸೈನಿಕರಿಗಾಗಿ ಮನರಂಜನೆಯ ಕಾರ್ಯಕ್ರಮ ನಡೆಸಿತು. ಅಲ್ಲಿ ಫೋನ್ ಎತ್ತಿಕೊಂಡು ಕೋರಿಕೆ ಬರೆದುಕೊಳ್ಳುತ್ತಿದ್ದವಳು ನಾನು. ಆ ದಿನ ನಾನು ಬರೆದ ಒಂದು ಚೀಟಿಯ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಅದರಿಂದ ನೋವುಂಡ ಹೆಣ್ಣುಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. ‘ಬರೀರಿ ಅಕ್ಕಾರ, ಆದ್ರ ಗುರುತು ಹತ್ತಬಾರದು’ ಎಂದಳು. ಹಾಗಾಗಿ ಇದರಲ್ಲಿ ಯಾರ ಹೆಸರೂ ಇಲ್ಲ, ಯಾವ ವರ್ಷ ಎಂದೂ ಇಲ್ಲ. ಗುರುತು ಹತ್ತಬಹುದಾದ ಎರಡು ಮೂರು ಸಂಗತಿಗಳನ್ನು ಬದಲಾಯಿಸಿದ್ದೇನೆ. ಗಡಿಯ ಹತ್ತಿರದ ಒಂದು ಊರಿನ ಹೆಸರನ್ನಂತೂ ನಾನು ಇನ್ನು ಎಲ್ಲಿಯೂ ಬರೆಯುವುದಿಲ್ಲ.

ರೇಡಿಯೋ ಎಂದರೆ ದೊಡ್ಡದೇನಲ್ಲ. ಅಮೆರಿಕದ ಸನ್ನಿವೇಲ್‌ನಲ್ಲಿ ಒಂದು ಭರತನಾಟ್ಯ ಶಾಲೆಯ ಹಿಂದೆ ಇರುವ ಕೋಣೆ. ಗೋಡೆಗೆಲ್ಲ ಸ್ಪಾಂಜು ಅಂಟಿಸಿದ್ದರೂ ಮಕ್ಕಳ ತಟ್ಟಡವಿನ ಹೆಜ್ಜೆಸದ್ದು ಒಳಗೆ ಕೇಳಿಸುತ್ತಿತ್ತು. ಮಾಮೂಲಿ ಶನಿವಾರಗಳಲ್ಲಿ ಎರಡೇ ಗಂಟೆ ಕಾರ್ಯಕ್ರಮ. ಇಂಟರ್‌ನೆಟ್ಟಿನಲ್ಲಿ ಹೋಗುತ್ತಿದ್ದುದರಿಂದ ಭೂಮಿಯ ಮೇಲೆ ಯಾರು ಎಲ್ಲಿ ಬೇಕಾದರೂ ಕೇಳಬಹುದಿತ್ತು. ಆದರೆ ನಮ್ಮ ಮನಸ್ಸಿನಲ್ಲಿದ್ದ ಕೇಳುಗರು ಬೇರೆ: ಫ್ರೀಮಾಂಟಿನಲ್ಲೋ ನೆವಾರ್ಕಿನಲ್ಲೋ ಮಗುವನ್ನು ಈಜಿನ ಕ್ಲಾಸಿಗೆ ಬಿಟ್ಟು, ಗ್ರೋಸರಿಗೆ ಹೋಗುವ ದಾರಿಯಲ್ಲಿ ಕಾರಿನೊಳಗೆ ನಮ್ಮನ್ನು ಹಾಕಿಕೊಳ್ಳುವವರು. ಮನೆಯ ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದೇವೆ ಎಂಬ ಭಾವನೆ ನಮಗೆಲ್ಲ ಇತ್ತು.

ನಮ್ಮಲ್ಲಿ ಜನಪ್ರಿಯವಾಗಿದ್ದುದು ಕೋರಿಕೆಯ ಹಾಡುಗಳು. ನನ್ನ ವಯಸ್ಸಿನವರಿಗೆ ಇದು ಗೊತ್ತು. ಊರಿನಲ್ಲಿ ನಾವು ಕಾರ್ಡು ಬರೆದು ಹಾಕಿ, ರೇಡಿಯೋದವರು ನಮ್ಮ ಹೆಸರು ಓದುವುದನ್ನು ಕೇಳಲು ವಾರಗಟ್ಟಲೆ ಕಾಯುತ್ತಿದ್ದೆವು. ಹಾಡು ಯಾವುದಾದರೂ ಆಗಲಿ, ಹೆಸರುಗಳು ಒಂದೂ ಬಿಡದೆ ಬರಬೇಕು: ಕೇಳಿದವರು, ಅವರ ಅಪ್ಪ ಅಮ್ಮ, ಅಕ್ಕ ಭಾವ, ಊರು, ತಾಲ್ಲೂಕು. ಆ ರೂಢಿಯನ್ನು ನಾವು ಹಾಗೆಯೇ ಇಟ್ಟುಕೊಂಡಿದ್ದೆವು. ಪ್ರತಿ ಕರೆಗೂ ನಾನು ಒಂದು ಹಳದಿ ಚೀಟಿ ಬರೆಯುತ್ತಿದ್ದೆ. ಅದರಲ್ಲಿ ಐದು ಸಾಲು. ಯಾರು, ಈಗ ಎಲ್ಲಿದ್ದಾರೆ, ಮೂಲ ಯಾವ ಊರು, ಯಾರಿಗಾಗಿ, ಯಾವ ಹಾಡು. ಗಾಜಿನ ಕಿಟಕಿಯ ಪಕ್ಕದ ಸಂದಿಯಿಂದ ಚೀಟಿಯನ್ನು ಒಳಗೆ ತಳ್ಳಿದರೆ ನಿರೂಪಕರು ಓದುತ್ತಿದ್ದರು.

ನಿರೂಪಕರು ಬೆಂಗಳೂರಿನವರು, ಇಂಜಿನಿಯರು, ಡ್ಯಾನ್‌ವಿಲ್‌ನಲ್ಲಿ ಮನೆ. ಒಳ್ಳೆಯ ದನಿ. ಒಂದು ಊರಿನ ಹೆಸರನ್ನು ಅವರು ಓದಿದರೆ ಆ ಊರಿನವರಿಗೆ ಕಣ್ಣು ತುಂಬುತ್ತಿತ್ತು. ಇಡೀ ದಿನ ಕಾರ್ಯಕ್ರಮ ಮಾಡೋಣ ಎಂದು ಗುರುವಾರ ಸಂಜೆ ಹೊಳೆದದ್ದು ಅವರಿಗೇ. ‘ನಾವು ಇಲ್ಲಿ ಕೂತ್ಕೊಂಡು ಇನ್ನೇನು ಮಾಡಕ್ಕಾಗತ್ತೆ ಮೇಡಂ? ಅಟ್‌ಲೀಸ್ಟ್ ಮೊರಾಲು ಬೂಸ್ಟ್ ಮಾಡ್ಬೋದು’ ಎಂದರು. ಯಾರ ಮೊರಾಲು ಎಂದು ನಾನು ಕೇಳಲಿಲ್ಲ. ಭಾರತದಲ್ಲಿ ಅದು ರಾತ್ರಿಯ ಹೊತ್ತು. ಸೈನಿಕರು ಬಂಕರಿನಲ್ಲಿ ಕೂತು ನಮ್ಮ ಆಪ್ ತೆರೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹತ್ತು ಗಂಟೆಗೆ ಶುರುವಾಯಿತು. ಸತ್ತವರಿಗಾಗಿ ಮೊದಲು ಒಂದು ನಿಮಿಷ ಮೌನ. ರೇಡಿಯೋದಲ್ಲಿ ಮೌನ ಹೇಗಿರುತ್ತದೆ ಎಂದು ನಾವು ಯಾರೂ ಯೋಚಿಸಿರಲಿಲ್ಲ. ಹತ್ತು ಸೆಕೆಂಡಿಗಿಂತ ಹೆಚ್ಚು ಸದ್ದು ಬರದಿದ್ದರೆ ಏನೋ ಕೆಟ್ಟಿದೆ ಎಂದುಕೊಂಡು ಕಂಪ್ಯೂಟರು ತಾನೇ ಜಾಹೀರಾತು ಹಾಕುತ್ತದೆ. ಹಾಗೆಯೇ ಹಾಕಿತು. ನಾವೆಲ್ಲ ತಲೆ ತಗ್ಗಿಸಿ ನಿಂತಿದ್ದಾಗ ಮನೆ ಮಾರುವವರೊಬ್ಬರು ‘ಒಳ್ಳೆ ಸ್ಕೂಲು, ಒಳ್ಳೆ ನೆರೆಹೊರೆ, ಈ ವೀಕೆಂಡೇ ಬನ್ನಿ’ ಎಂದು ಹಾಡಿದರು. ನಿರೂಪಕರು ಕೈ ಬೀಸಿ ಬೀಸಿ ಅದನ್ನು ನಿಲ್ಲಿಸಿ, ಮತ್ತೆ ಮೊದಲಿನಿಂದ ಮೌನ ಮಾಡಿಸಿದರು. ಎರಡನೆಯ ಸಲ ಹಿಂದೆ ವೀಣೆ ಹಾಕಿದ್ದರು.

ಆಮೇಲೆ ಬಂದದ್ದನ್ನು ನೆನಪಿದ್ದಷ್ಟು ಹೇಳುತ್ತೇನೆ. ಇಲ್ಲೇ ಹುಟ್ಟಿದ ಮಕ್ಕಳು ಎರಡು ದೇಶಭಕ್ತಿಗೀತೆ ಹಾಡಿದರು. ಮುಗಿದ ಮೇಲೆ ಯಾಕೆ ಹಾಡಿದಿರಿ ಪುಟ್ಟಾ ಎಂದು ಕೇಳಿದ್ದಕ್ಕೆ ಒಬ್ಬಳು ‘ಮೈ ಮಾಮ್ ಸೆಡ್ ಸೋ’ ಎಂದಳು, ಎಲ್ಲರೂ ನಕ್ಕರು. ಲಾಸ್ ಆಲ್ಟೋಸ್‌ನ ಒಬ್ಬರು ಕೆಡದೆ ತಿಂಗಳುಗಟ್ಟಲೆ ಉಳಿಯುವ, ಸೈನಿಕರಿಗೆ ಕಳಿಸಬಹುದಾದ ಉಂಡೆ ಮಾಡುವ ವಿಧಾನ ಹೇಳಿದರು. ಯಾರೂ ಯಾರಿಗೂ ಉಂಡೆ ಕಳಿಸುವವರಿರಲಿಲ್ಲ. ಕ್ಷಿಪಣಿಗಳ ಹೆಸರು ಹೇಳುವ ಕ್ವಿಝು ಆಯಿತು. ಗೆದ್ದವರಿಗೆ ಒಂದು ಹೋಟೆಲಿನಲ್ಲಿ ಇಬ್ಬರಿಗೆ ಊಟ.

ಮಧ್ಯೆ ಮಧ್ಯೆ ಮಿಮಿಕ್ರಿ. ಮಾಡುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಹಲ್ಲಿನ ಡಾಕ್ಟರು. ಶತ್ರುವಿನ ಸೇನಾಪತಿ ಮನೆಯಲ್ಲಿ ಹೆಂಡತಿಗೆ ಹೆದರುವುದು ಅವರ ಕಲ್ಪನೆ. ‘ಎಂತ ಮಾರಾಯ್ತಿ, ಯುದ್ಧ ಮಾಡ್ಲಿಕ್ಕೂ ನಿನ್ನ ಪರ್ಮಿಷನ್ ಬೇಕಾ?’ ಎಂದು ಆ ಸೇನಾಪತಿ ದಕ್ಷಿಣ ಕನ್ನಡದ ಕನ್ನಡದಲ್ಲಿ ಅಳುತ್ತಿದ್ದ. ನನಗೂ ನಗು ಬಂತು. ಅದನ್ನೂ ಬರೆಯಬೇಕು. ಆ ಬೆಳಿಗ್ಗೆ ನಾನು ಚೆನ್ನಾಗಿಯೇ ನಕ್ಕೆ.

ಹನ್ನೊಂದರ ಹೊತ್ತಿಗೆ ಹಾಡೊಂದು ಹೋಗುತ್ತಿರುವಾಗ ನಿರೂಪಕರು ಹೊರಗೆ ಬಂದು ನನ್ನ ಮೇಜಿನ ಮೇಲೆ ನಾಲ್ಕು ಚೀಟಿ ಇಟ್ಟರು.

‘ಮೇಡಂ, ತಪ್ಪು ತಿಳ್ಕೋಬೇಡಿ. ಚೀಟಿ ಎಲ್ಲ ಲ್ಯಾಬ್ ರಿಪೋರ್ಟ್ ಥರ ಇದೆ. ಇವತ್ತು ಸ್ವಲ್ಪ ಫೀಲ್ ಬೇಕು. ಯಾರಿಗಾದ್ರೂ ಆರ್ಮೀಲಿ ಮನೆಯವ್ರು ಇದ್ರೆ ಡೀಟೇಲ್ಸ್ ಕೇಳಿ. ಯಾವ ರೆಜಿಮೆಂಟು, ಎಲ್ಲಿ ಪೋಸ್ಟಿಂಗು. ಕೇಳೋರಿಗೆ ಮೈ ಜುಮ್ ಅನ್ಬೇಕು.’

‘ಅದನ್ನೆಲ್ಲ ಕೇಳಬಹುದಾ?’ ಎಂದೆ.

‘ಅವ್ರೇ ಹೇಳಿದ್ರೆ ತಾನೇ ನಾವು ಓದೋದು?’

ಹಿಂದಿನ ಇಪ್ಪತ್ತೊಂದು ವರ್ಷ ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ವರದಿ ಬರೆಯುತ್ತಿದ್ದೆ. ರೋಗಿಯ ಹೆಸರನ್ನು ಎಲಿವೇಟರಿನಲ್ಲಿ ಕೂಡ ಆಡುವಂತಿರಲಿಲ್ಲ. ಗಂಡ ಬಂದು ಹೆಂಡತಿಯ ವರದಿ ಕೇಳಿದರೂ ಕೊಡುತ್ತಿರಲಿಲ್ಲ. ಅಂಥ ನನಗೆ ಆ ಮಾತು ಕೇಳಿ ಎಚ್ಚರವಾಗಬೇಕಿತ್ತು. ಆದದ್ದು ಬೇರೆ. ಲ್ಯಾಬ್ ರಿಪೋರ್ಟ್ ಎಂದಿದ್ದು ಚುಚ್ಚಿತು.

ಹನ್ನೊಂದು ನಲವತ್ತಕ್ಕೆ ಅವಳ ಕರೆ ಬಂತು.

‘ಅಕ್ಕಾರ, ನಮಸ್ಕಾರ್ರೀ. ನಿಮ್ಮ ರೇಡಿಯೋ ಇಂಡಿಯಾದಾಗ ಕೇಳಿಸ್ತೈತೇನ್ರಿ?’

ಉತ್ತರ ಕರ್ನಾಟಕದ ಮಾತು. ಹಿಂದೆ ಒಂದು ಮಗು ಏನೋ ಬಡಿಯುತ್ತಿತ್ತು. ಕೇಳಿಸುತ್ತದೆ, ಆಪ್ ಇದ್ದರೆ ಸಾಕು ಎಂದೆ.

‘ಮಿಲಿಟರಿ ಮಂದಿಗೂ?’

‘ಫೋನ್ ಇದ್ದರೆ ಕೇಳಬಹುದಮ್ಮ.’

‘ಫೋನ ಹತ್ತವಲ್ದಲ್ರಿ, ಮೂರು ದಿನ ಆತು’ ಎಂದಳು. ಆಮೇಲೆ, ‘ಇರಲಿ, ಹಾಡು ಹಾಕ್ರಿ. ಕೇಳಿದ್ರ ಕೇಳ್ತಾನ’ ಎಂದಳು.

ನಾನು ಚೀಟಿ ಎಳೆದುಕೊಂಡೆ. ಮನೆ ನೆವಾರ್ಕ್. ಗಂಡ ಅಲ್ಲಿಯ ವಿದ್ಯುತ್ ಕಾರಿನ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ, ತಾನು ಡೇಕೇರಿನಲ್ಲಿ. ತಮ್ಮ ಸೈನ್ಯದಲ್ಲಿ; ಅವನ ಹೆಸರು, ಪಡೆ ಎರಡನ್ನೂ ಹೇಳಿದಳು. ಅವರ ಊರಿನಲ್ಲಿ ಮನೆಗೊಬ್ಬರಂತೆ ಸೈನ್ಯಕ್ಕೆ ಸೇರುತ್ತಾರೆ. ತಾಯಿ ಕಾಯಿಲೆಯವಳಾದ್ದರಿಂದ ಅವನನ್ನು ಎತ್ತಿ ಬೆಳೆಸಿದ್ದು ಇವಳೇ. ಭಾನುವಾರಕ್ಕೊಮ್ಮೆ ಅವನು ಫೋನ್ ಮಾಡುವುದು ಇವಳಿಗೆ, ಇವಳು ಅವನ ಸುದ್ದಿಯನ್ನು ತಾಯಿಗೆ ಹೇಳುವುದು. ಇದೆಲ್ಲ ನಾನು ಕೇಳದೆಯೇ ಬಂತು. ಮೂರು ದಿನದಿಂದ ಒಳಗೆ ತುಂಬಿಕೊಂಡಿದ್ದವಳಿಗೆ ಕನ್ನಡದ ಒಂದು ದನಿ ಸಿಕ್ಕಿತ್ತು.

ಆಮೇಲೆ ನಾನು ಕೇಳಿದೆ: ‘ಈಗ ಎಲ್ಲಿದ್ದಾರೆ ಅಂತ ಗೊತ್ತಾ?’

ಅವಳು ದನಿ ತಗ್ಗಿಸಿದಳು. ‘ಅಂವ ಹೇಳಬಾರದು ಅಂದ್ರಿ. ನಾನ ಬಿಡ್ಲಿಲ್ಲ. ನನ್ನ ಆಣಿ ಹಾಕಿ ಹೇಳಿಸಿಕೊಂಡೆ. ಬುಧವಾರ ಲಾಸ್ಟ್ ಮಾತಾಡಿದ್ದು.’ ಹಾಗೆ ಹೇಳಿ ಒಂದು ಊರಿನ ಹೆಸರು ಹೇಳಿದಳು. ಊರಿನ ಹೊರಗೆ ಏನಿದೆ, ಅವರು ಎಲ್ಲಿ ಇಳಿದುಕೊಂಡಿದ್ದಾರೆ ಎಂಬುದನ್ನೂ ಹೇಳಿದಳು. ನಾನು ಕೇಳುತ್ತ ಬರೆದೆ. ಕೇಳುತ್ತ ಬರೆಯುವುದು ನನ್ನ ಕೈಯ ಅಭ್ಯಾಸ.

‘ಇದನ್ನ ಓದಬ್ಯಾಡ್ರಿ ಮತ್ತ. ನಿಮಗಷ್ಟ ಹೇಳೀನಿ.’

‘ಇಲ್ಲಮ್ಮ’ ಎಂದೆ.

ಈ ಎರಡು ಮಾತುಗಳನ್ನು ನಾನು ಎಷ್ಟೋ ಸಲ ಹಿಂದೆ ಮುಂದೆ ಮಾಡಿ ನೋಡಿದ್ದೇನೆ. ಅವಳು ಹಾಗೆ ಹೇಳಲಿಲ್ಲ ಎಂದಾಗಲಿ, ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ಹೇಳಿದಳು, ಕೇಳಿಸಿತು, ಇಲ್ಲ ಎಂದು ಒಪ್ಪಿಕೊಂಡೆ. ಪೆನ್ನು ಕೈಯಲ್ಲೇ ಇತ್ತು. ಆ ಸಾಲಿನ ಮೇಲೆ ಒಂದು ಗೀಟು ಎಳೆದಿದ್ದರೆ ಮುಗಿಯುತ್ತಿತ್ತು. ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು ಎಂಬುದು ನಿಜ. ಆದರೆ ಚೀಟಿಯನ್ನು ಒಳಗೆ ತಳ್ಳುವ ಮುಂಚೆ ನಾನು ಅದನ್ನು ಒಮ್ಮೆ ಪೂರ್ತಿ ಓದಿದೆ. ಅಕ್ಕ ಸಾಕಿದ ತಮ್ಮ, ಮೂರು ದಿನದಿಂದ ಹತ್ತದ ಫೋನು, ಊರಿನ ಹೆಸರು, ಆ ಊರಾಚೆಯ ಜಾಗ. ಚೀಟಿ ಚೆನ್ನಾಗಿ ಬಂದಿದೆ ಅನ್ನಿಸಿತು. ಓದುವಾಗ ಅವರೇ ನೋಡಿ ಬಿಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ತಳ್ಳಿದೆ.

ಹನ್ನೆರಡು ದಾಟಿ ಐದು ನಿಮಿಷಕ್ಕೆ ನಿರೂಪಕರು ಅದನ್ನು ಓದಿದರು. ಕಿಟಕಿಯಾಚೆ ಅವರ ಮುಖ ಕಾಣುತ್ತಿತ್ತು. ಓದುತ್ತ ಓದುತ್ತ ದನಿ ಒದ್ದೆಯಾಯಿತು; ನಟನೆ ಇರಲಿಲ್ಲ. ಹುಡುಗನ ಪೂರ್ತಿ ಹೆಸರು, ಹಳ್ಳಿ, ತಾಲ್ಲೂಕು, ಅವನ ಪಡೆ. ‘ಈ ಕ್ಷಣದಲ್ಲಿ ಆ ನಮ್ಮ ತಮ್ಮ ಎಲ್ಲಿದಾನೆ ಗೊತ್ತಾ ಸ್ನೇಹಿತರೇ?’ ಎಂದು ನಿಲ್ಲಿಸಿ, ಊರಿನ ಹೆಸರು ಹೇಳಿದರು. ಅದರ ಹೊರಗಿನ ಜಾಗವನ್ನೂ ಹೇಳಿದರು.

ನಾನು ಎದ್ದು ನಿಂತೆ. ಗಾಜಿನ ಮೇಲೆ ಬಡಿದೆನೇ ಎಂದರೆ, ಇಲ್ಲ. ಕೈ ಎತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮೈಕಿನಿಂದ ಹಲ್ಲಿನ ಡಾಕ್ಟರು, ಸೇನಾಪತಿಯ ದನಿಯಲ್ಲಿ, ‘ಹೌದಾ? ಅಲ್ಲಿದ್ದಾನಾ? ಹಾಗಾದ್ರೆ ನಾಳೆ ಅಲ್ಲಿಗೇ ಬರ್ತೇನೆ ಮಾರಾಯ್ರೇ, ಚಾ ಇಡ್ಲಿಕ್ಕೆ ಹೇಳಿ’ ಎಂದರು. ನಿರೂಪಕರು ನಗುವಿನ ಬಟನ್ ಒತ್ತಿದರು. ಧ್ವನಿಮುದ್ರಿಸಿಟ್ಟ ಒಂದು ಸಭೆಯ ನಗು ಹೊರಗೆ ಹೋಯಿತು. ಅದರ ಹಿಂದೆ ಹಾಡು ಶುರುವಾಯಿತು.

ಫೋನು ತಕ್ಷಣ ಬಂತು. ನನಗೆ ಯಾರೆಂದು ಗೊತ್ತಿತ್ತು.

‘ಅಕ್ಕಾರ’ ಎಂದಳು. ಬೈಯಲಿ ಎಂದು ಕಾದೆ. ‘ಊರ ಹೆಸರೂ ಹೇಳಿಬಿಟ್ರಲ್ರಿ. ನಗಾಕತ್ತಿದ್ರಲ್ರಿ ಎಲ್ಲಾರೂ.’

‘ತಪ್ಪಾಯ್ತಮ್ಮ. ನನ್ನಿಂದ ತಪ್ಪಾಯ್ತು.’

‘ತಪ್ಪು ಆಮ್ಯಾಲ ಮಾತಾಡೂಣ್ರಿ. ಇದು ಮತ್ತ ಬರ್ತೈತಂತಲ್ಲ, ಸಂಜಿ ಮುಂದ?’

ಅವಳು ಹೇಳಿದ್ದು ಸರಿ. ಇಡೀ ಕಾರ್ಯಕ್ರಮ ಇಲ್ಲಿಯ ಸಂಜೆ ಆರಕ್ಕೆ ಮರುಪ್ರಸಾರ. ಆಗ ಭಾರತದಲ್ಲಿ ಬೆಳಗಾಗಿರುತ್ತದೆ. ಬೆಳಿಗ್ಗೆಯಿಂದ ಹತ್ತು ಸಲ ಅದನ್ನು ಸಾರಿದ್ದೆವು.

‘ಅದರಾಗ ಬರಬಾರದ್ರಿ. ಅಷ್ಟು ಮಾಡ್ರಿ. ಎಲ್ಲೂ ಬರಬಾರದು.’

ಹಾಡು ಇನ್ನೂ ಮೂರು ನಿಮಿಷ ಇತ್ತು. ಒಳಗೆ ಹೋದೆ. ನಡೆದದ್ದನ್ನು ಹೇಳಿದೆ, ಅವಳು ಬೇಡ ಎಂದಿದ್ದಳು ಎಂಬುದನ್ನೂ ಬಿಡದೆ.

ನಿರೂಪಕರು ಹೆಡ್‌ಫೋನು ತೆಗೆದರು. ‘ಬೇಡ ಅಂದಿದ್ರೆ ಯಾಕೆ ಬರೆದ್ರಿ ಮೇಡಂ?’

ನಾನು ಅವರ ಮುಂದಿದ್ದ ಹಳದಿ ಚೀಟಿಯನ್ನು ಎತ್ತಿ ಮಡಿಚಿದೆ.

‘ನೋಡಿ, ಟೆನ್ಷನ್ ಮಾಡ್ಕೋಬೇಡಿ. ಒಂದು ಊರಿನ ಹೆಸರು. ಅಲ್ಲಿ ಟಿವಿಯವ್ರು ಟ್ಯಾಂಕು ಹೋಗೋದನ್ನೇ ಲೈವ್ ತೋರಿಸ್ತಿದಾರೆ. ನಮ್ಮ ರೇಡಿಯೋ ಕೇಳ್ಕೊಂಡು ಯಾರು ಬಾಂಬ್ ಹಾಕ್ತಾರೆ ಹೇಳಿ?’

‘ನಾನು ಸುಮ್ನೆ ಜೋಕ್ ಮಾಡಿದ್ದು’ ಎಂದರು ಡಾಕ್ಟರು. ಅವರ ಮುಖ ಬಿಳಿಚಿಕೊಂಡಿತ್ತು.

‘ಮರುಪ್ರಸಾರದಲ್ಲಿ ತೆಗೀತೀನಿ. ಪ್ರಾಮಿಸ್. ಆಯ್ತಾ?’ ಎಂದರು ನಿರೂಪಕರು. ಆಮೇಲೆ ಕಂಪ್ಯೂಟರಿನ ಕಡೆ ನೋಡಿ, ‘ಅಯ್ಯೋ’ ಎಂದರು.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಪ್ರತಿ ಗಂಟೆಯ ಒಂದು ಒಳ್ಳೆಯ ತುಣುಕನ್ನು ಕತ್ತರಿಸಿ, ಚಿತ್ರ ಅಂಟಿಸಿ, ವಾಟ್ಸಾಪ್ ಗುಂಪುಗಳಿಗೆ ಹಾಕುವುದು. ಹಾಡು ಶುರುವಾದ ಮೊದಲ ನಿಮಿಷದಲ್ಲೇ ಅವರು ಹಾಕಿಬಿಟ್ಟಿದ್ದರು. ಬಾವುಟದ ಚಿತ್ರ, ಕೆಳಗೆ ಹುಡುಗನ ಹೆಸರು. ಆ ಬೆಳಿಗ್ಗೆಯ ಅತ್ಯುತ್ತಮ ತುಣುಕು ಅದೇ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ, ನನಗೂ ಇರುತ್ತಿರಲಿಲ್ಲ. ನನ್ನ ಎದುರಿಗೇ ಒಂದೊಂದು ಗುಂಪಿನಿಂದಲೂ ಅಳಿಸಿದರು. ಅಳಿಸುವಾಗ ಕೆಳಗೆ ಕೈಮುಗಿದ ಗುರುತುಗಳು, ಅಳುವ ಮುಖಗಳು, ‘ಫಾರ್ವರ್ಡೆಡ್ ಟು ಫ್ಯಾಮಿಲಿ’ ಎಂಬ ಮಾತುಗಳು ಕಾಣುತ್ತಿದ್ದವು. ಹೋದದ್ದು ಹೋಗಿತ್ತು. ಹಾಡು ಮುಗಿದು ಅವರು ಮತ್ತೆ ಮೈಕಿಗೆ ಹಿಂದಿರುಗಿದರು. ಮುಂದಿನದು ಅಂತ್ಯಾಕ್ಷರಿ.

ಎರಡು ಗಂಟೆಯ ಹೊತ್ತಿಗೆ ಅವಳೇ ಬಂದಳು. ಕೊಲ್ಲಿಯ ಮೇಲಿನ ಸೇತುವೆ ದಾಟಿ ನೆವಾರ್ಕಿನಿಂದ ಕಾರು ಓಡಿಸಿಕೊಂಡು ಬಂದಿದ್ದಳು. ಮೂವತ್ತು ದಾಟಿದ, ಗಟ್ಟಿಮುಟ್ಟಾದ ಹೆಣ್ಣುಮಗಳು. ಸೊಂಟದ ಮೇಲೆ ಎರಡು ವರ್ಷದ ಮಗಳು. ನಾನು ಯಾರೆಂದು ನನ್ನ ದನಿಯಿಂದ ಗುರುತಿಸಿದಳು. ಜಗಳಕ್ಕೆ ಬಂದವಳಂತೆ ಕಾಣಲಿಲ್ಲ.

‘ಇಲ್ಲೇ ಕೂಡ್ತೀನ್ರಿ. ಸಂಜಿಕ ಅದು ದಾಟಿ ಹೋಗೂ ತನಕ.’

ಮೊಗಸಾಲೆಯಲ್ಲಿ ಡ್ಯಾನ್ಸ್ ಕ್ಲಾಸಿನ ತಾಯಂದಿರು ಕೂರುವ ಬೆಂಚಿತ್ತು. ಅಲ್ಲಿ ಕೂತಳು. ತಾಯಂದಿರಲ್ಲಿ ಒಬ್ಬರು ನಮ್ಮ ರೇಡಿಯೋವನ್ನು ಫೋನಿನಲ್ಲಿ ಜೋರಾಗಿ ಹಾಕಿಕೊಂಡಿದ್ದರು. ‘ಎಷ್ಟು ಚೆನ್ನಾಗಿದೆ ಅಲ್ವಾ ಇವತ್ತಿನ ಪ್ರೋಗ್ರಾಮು?’ ಎಂದು ಅವಳನ್ನು ಕೇಳಿದರು. ‘ಹೌದ್ರಿ’ ಎಂದಳು. ನಾನು ಟೀ ತಂದುಕೊಟ್ಟೆ. ತೆಗೆದುಕೊಂಡಳು, ಕುಡಿಯಲಿಲ್ಲ. ಮಗಳಿಗೆ ಬಿಸ್ಕತ್ತು ಕೊಟ್ಟಾಗ, ‘ಅಜ್ಜೀಗೆ ಥ್ಯಾಂಕ್ಯೂ ಹೇಳು’ ಎಂದಳು. ನಾನು ಫೋನಿಗೆ ವಾಪಸು ಹೋದೆ. ಆ ಮಧ್ಯಾಹ್ನ ಇನ್ನೂ ಮೂವತ್ತೆರಡು ಚೀಟಿ ಬರೆದೆ. ಐದೈದೇ ಸಾಲು.

ಸಂಜೆ ಆರಕ್ಕೆ ಎಲ್ಲ ಮುಗಿದು, ಸಿಹಿ ಹಂಚಿ, ಫೋಟೋ ತೆಗೆಸಿಕೊಂಡರು. ನಿರೂಪಕರು ಅವಳ ಹತ್ತಿರ ಬಂದು ಕೈಮುಗಿದು, ‘ಸಿಸ್ಟರ್, ತೆಗೆದಿದೀನಿ. ಏನೂ ವರಿ ಮಾಡ್ಬೇಡಿ. ನಿಮ್ಮ ತಮ್ಮ ನಮ್ಮೆಲ್ಲರ ತಮ್ಮ’ ಎಂದು ಹೇಳಿ ಹೊರಟರು. ಅವಳೂ ನಾನೂ ಬೆಂಚಿನ ಮೇಲೆ ಕೂತು ನನ್ನ ಫೋನಿನಲ್ಲಿ ಮರುಪ್ರಸಾರ ಕೇಳಿದೆವು. ಎರಡು ಗಂಟೆ ಐದು ನಿಮಿಷ. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಮೌನ ಬಂತು, ಜಾಹೀರಾತು ಬಂತು, ಎರಡನೆಯ ಮೌನ ಬಂತು, ಉಂಡೆ ಬಂತು, ಸೇನಾಪತಿಯ ಹೆಂಡತಿ ಬಂದಳು. ಬೆಳಿಗ್ಗೆ ನಾನು ನಕ್ಕದ್ದನ್ನು ಅವಳ ಪಕ್ಕ ಕೂತು ಮತ್ತೆ ಕೇಳಬೇಕಾಯಿತು.

ಆ ಜಾಗ ಬಂದಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹೆಸರು, ಹಳ್ಳಿ, ಊರು ಎಲ್ಲವನ್ನೂ ತೆಗೆದಿದ್ದರು. ಅದಕ್ಕೂ ಮುಂಚಿನ ಮಾತಿಗೆ ನೇರವಾಗಿ ಡಾಕ್ಟರ ದನಿ ಅಂಟಿಕೊಂಡಿತ್ತು: ‘ಹಾಗಾದ್ರೆ ನಾಳೆ ಅಲ್ಲಿಗೇ ಬರ್ತೇನೆ ಮಾರಾಯ್ರೇ, ಚಾ ಇಡ್ಲಿಕ್ಕೆ ಹೇಳಿ.’ ನಗು. ಹಾಡು.

‘ನಗೂದು ಹಂಗ ಬಿಟ್ಟಾರ’ ಎಂದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಮುಂದೆ ಕೆಲವೇ ದಿನಕ್ಕೆ ಗಡಿಯಲ್ಲಿ ಗುಂಡು ನಿಂತಿತು. ಹುಡುಗ ಬದುಕಿದ್ದ. ಆ ಊರಿಗೂ ಅದರ ಹೊರಗಿನ ಜಾಗಕ್ಕೂ ಏನೂ ಆಗಿರಲಿಲ್ಲ. ನಿರೂಪಕರು ನನಗೆ ಫೋನ್ ಮಾಡಿ, ‘ನೋಡಿದ್ರಾ ಮೇಡಂ? ನಾನು ಹೇಳಿರ್ಲಿಲ್ವಾ?’ ಎಂದರು. ನನಗೂ ಆ ರಾತ್ರಿ ಸರಿಯಾಗಿ ನಿದ್ದೆ ಬಂತು. ಆ ಶನಿವಾರದ ಕಾರ್ಯಕ್ರಮಕ್ಕೆ ಒಂದು ಸಂಘದವರು ಪ್ರಶಂಸಾಪತ್ರ ಕೊಟ್ಟರು. ಚೌಕಟ್ಟು ಹಾಕಿಸಿ ಸ್ಪಾಂಜಿನ ಗೋಡೆಗೆ ತೂಗುಹಾಕಿದರು.

ಎರಡು ವಾರದ ಮೇಲೆ ಅವಳು ನನಗೆ ಫೋನ್ ಮಾಡಿದಳು. ತುಣುಕು ಅವಳ ಊರಿಗೆ ಹೋಗಿತ್ತು. ಚಿಕ್ಕಪ್ಪನ ಮಗನೊಬ್ಬ ಹೆಮ್ಮೆಯಿಂದ ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ. ಅಲ್ಲಿಂದ ತಮ್ಮನ ಪಡೆಯಲ್ಲೇ ಇದ್ದ ಪಕ್ಕದ ಹಳ್ಳಿಯವನಿಗೆ, ಅವನಿಂದ ಮೇಲಿನವರಿಗೆ. ಯುದ್ಧದ ಮಧ್ಯೆ ಪಡೆ ಇದ್ದ ಜಾಗ ಅಮೆರಿಕದ ರೇಡಿಯೋದಲ್ಲಿ ಹೇಗೆ ಬಂತು ಎಂದು ವಿಚಾರಣೆ ಶುರುವಾಗಿತ್ತು. ಹುಡುಗನ ಫೋನು ಕಿತ್ತುಕೊಂಡಿದ್ದರು. ಕೆಲಸ ಹೋಗಬಹುದು, ಶಿಕ್ಷೆಯೂ ಆಗಬಹುದು ಎಂದು ಊರಿನ ನಿವೃತ್ತ ಸುಬೇದಾರರೊಬ್ಬರು ಹೇಳಿದ್ದರು.

‘ರೇಡಿಯೋದವರು ಒಂದು ಪತ್ರ ಕೊಟ್ರ ಸಾಕಂತ್ರಿ. ಆ ಊರ ಹೆಸರು ನೀವ ಟಿವಿ ನೋಡಿ ಹಾಕಿದ್ದು, ನಾನು ಹೇಳಿಲ್ಲ, ಅಂವ ನನಗ ಹೇಳಿಲ್ಲ ಅಂತ.’

ಸುಳ್ಳು ಬರೆದುಕೊಡಬೇಕು ಎಂದು ಅವಳು ಕೇಳುತ್ತಿದ್ದಳು. ಅದು ಸುಳ್ಳು ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ನಿರೂಪಕರ ಮನೆಗೆ ಹೋದೆ. ಡ್ಯಾನ್‌ವಿಲ್‌ನಲ್ಲಿ ಅವರ ಹಿತ್ತಿಲಲ್ಲಿ ನಿಂಬೆಗಿಡಕ್ಕೆ ನೀರು ಬಿಡುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

‘ಲೆಟರ್‌ಹೆಡ್ಡಲ್ಲಿ ಕೊಡಕ್ಕಾಗಲ್ಲ ಮೇಡಂ. ನಾವೇ ಕಟ್ಟಿ ಹೇಳಿದ್ವಿ ಅಂತ ಬರ್ಕೊಟ್ರೆ ನಮ್ಮನ್ನ ಮುಂದೆ ಯಾರು ನಂಬ್ತಾರೆ? ವೀಸಾ, ಗ್ರೀನ್‌ಕಾರ್ಡು ಅಂತ ಎಲ್ರಿಗೂ ಒಂದೊಂದಿದೆ. ಆರ್ಮಿ ಮ್ಯಾಟರ್ರು ಬೇರೆ.’

‘ಆ ಹುಡುಗ ನಮ್ಮೆಲ್ಲರ ತಮ್ಮ ಅಂದಿದ್ರಲ್ಲ?’

ಅವರು ನಲ್ಲಿ ನಿಲ್ಲಿಸಿದರು. ‘ಅದು ಹಾಗಲ್ಲ ಮೇಡಂ’ ಎಂದರು. ಅವರ ಹೆಂಡತಿ ಕಾಫಿ ತಂದರು. ಕುಡಿದು ಬಂದೆ.

ಪತ್ರವನ್ನು ನಾನೇ ಬರೆದೆ, ನನ್ನ ಹೆಸರಿನಲ್ಲಿ, ನೆವಾರ್ಕಿನ ಅವಳ ಅಪಾರ್ಟ್‌ಮೆಂಟಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ. ಬರೆದದ್ದು ಇಷ್ಟು: ಕರೆ ಮಾಡಿದವರು ಸ್ಥಳದ ಹೆಸರು ಹೇಳಲಿಲ್ಲ. ದೂರದರ್ಶನದ ಸುದ್ದಿಯಲ್ಲಿ ಕಂಡ ಹೆಸರನ್ನು ಕಾರ್ಯಕ್ರಮ ಕಳೆಗಟ್ಟಲಿ ಎಂದು ನಾನೇ ಸೇರಿಸಿದೆ. ಇದಕ್ಕೆ ನಾನೊಬ್ಬಳೇ ಹೊಣೆ. ಅದರಲ್ಲಿ ಕೊನೆಯ ವಾಕ್ಯ ನಿಜವಾಗಿತ್ತು. ಕಾರ್ಯಕ್ರಮ ಕಳೆಗಟ್ಟಲಿ ಎಂಬುದೂ ನಿಜ. ಇಪ್ಪತ್ತೊಂದು ವರ್ಷ ಒಂದು ಅಂಕಿಯನ್ನೂ ತಪ್ಪು ಬರೆಯದವಳ ಅಕ್ಷರ ಆ ಹಾಳೆಯ ಮೇಲೆ ಎಂದಿನಂತೆಯೇ ದುಂಡಗಿತ್ತು. ಅವಳು ಎರಡು ಸಲ ಓದಿ, ‘ಸಾಕ್ರಿ’ ಎಂದಳು. ಅವಳ ಗಂಡ ಫೋಟೋ ತೆಗೆದು ಕಳಿಸಿದ. ಮುಂದಿನ ಶನಿವಾರದಿಂದ ನಾನು ರೇಡಿಯೋಗೆ ಹೋಗಲಿಲ್ಲ.

ಪತ್ರದಿಂದ ಎಷ್ಟು ಆಯಿತೋ, ಸುಬೇದಾರರು ಮೇಲಿನವರಿಗೆ ಆಡಿದ ಮಾತಿನಿಂದ ಎಷ್ಟು ಆಯಿತೋ ತಿಳಿಯದು. ಹುಡುಗನ ಕೆಲಸ ಉಳಿಯಿತು. ರಜೆ ಹೋಯಿತು, ಬೇರೆ ಕಡೆಗೆ ಹಾಕಿದರು. ಫೋನು ವಾಪಸು ಸಿಕ್ಕಿತು. ಇಷ್ಟು ಸುದ್ದಿ ಅವಳಿಗೆ ಬಂದದ್ದು ತಾಯಿಯಿಂದ. ಅವನು ಈಗ ತಾಯಿಗೇ ಫೋನ್ ಮಾಡುತ್ತಾನೆ. ಅಕ್ಕನಿಗೆ ಮಾಡುವುದಿಲ್ಲ, ಅಕ್ಕ ಮಾಡಿದರೆ ಎತ್ತುವುದಿಲ್ಲ.

ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ಒರೆಸಿಕೊಂಡು ಫೋನು ತೆರೆದು ತೋರಿಸಿದಳು. ತಮ್ಮ ಭಾನುವಾರಕ್ಕೊಂದು ಚಿತ್ರ ಮಾತ್ರ ಕಳಿಸುತ್ತಾನೆ, ಮಾತಿಲ್ಲ, ಅಕ್ಷರವಿಲ್ಲ. ಸ್ಟೀಲಿನ ತಟ್ಟೆ, ಅದರಲ್ಲಿ ಅನ್ನ, ಸಾರು, ಕೆಲವು ಸಲ ಎರಡು ಚಪಾತಿ. ತಟ್ಟೆಯ ಅಂಚಿನವರೆಗೆ ಹತ್ತಿರ ಹಿಡಿದು ತೆಗೆದದ್ದು. ಸುತ್ತ ಏನೂ ಕಾಣುವುದಿಲ್ಲ: ಗೋಡೆಯಿಲ್ಲ, ಗಿಡವಿಲ್ಲ, ಇನ್ನೊಬ್ಬರ ಕೈಯಿಲ್ಲ.

‘ಉಂಡಾನ ಅನ್ನೂದು ಗೊತ್ತಾಗ್ತೈತ್ರಿ’ ಎಂದಳು.

ಒಂದು ಚಿತ್ರದಲ್ಲಿ ಮಾತ್ರ ಮೂಲೆಯಲ್ಲಿ ನೆಲ ಸ್ವಲ್ಪ ಉಳಿದುಕೊಂಡಿತ್ತು. ಅವಳು ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು. ಕೆಂಪು ಮಣ್ಣೋ ಸಿಮೆಂಟೋ ತಿಳಿಯದಷ್ಟು ಮಸುಕು.

‘ಇದು ಯಾವ ಕಡೆ ನೆಲ ಇರಬೇಕ್ರಿ ಅಕ್ಕಾರ?’ ಎಂದು ಕೇಳಿದಳು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಫೋನನ್ನು ಮಗುಚಿ ಎದೆಗೆ ಒತ್ತಿಕೊಂಡಳು.

‘ಬ್ಯಾಡ. ನೋಡಬ್ಯಾಡ್ರಿ’ ಎಂದಳು.